ದ್ರಾಕ್ಷಿ ಎಲೆಯ ಡೋಲ್ಮಾ: ಒಳಗೆ ಏನಿದೆ, ಎಷ್ಟಿದೆ, ಮಾಡುವುದು ಹೇಗೆ

ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಡೋಲ್ಮಾ ತಟ್ಟೆಗೆ ಬಂದಾಗ ‘ಸೊಪ್ಪು ತಾನೆ, ಎಷ್ಟು ತಿಂದರೇನು’ ಅನ್ನಿಸುತ್ತದೆ. ಎಲೆಯ ಮಟ್ಟಿಗೆ ಅದು ಸರಿಯೇ. ಆದರೆ ಡೋಲ್ಮಾ ಹಗುರವೋ ಭಾರವೋ ಅನ್ನುವುದನ್ನು ತೀರ್ಮಾನಿಸುವುದು ಎಣ್ಣೆ ಮತ್ತು ಉಪ್ಪು. ಇವೆರಡೂ ಅಡುಗೆ ಮಾಡುವವರ ಕೈಯಲ್ಲೇ ಇರುತ್ತವೆ. ಅದಕ್ಕೇ ಇಲ್ಲಿ ಅಡುಗೆ ಮತ್ತು ಲೆಕ್ಕ ಎರಡನ್ನೂ ಜೊತೆಯಲ್ಲೇ ಹೇಳುತ್ತೇನೆ.

ಇದು ಟರ್ಕಿ, ಗ್ರೀಸ್, ಲೆಬನಾನ್, ಸಿರಿಯಾ, ಇರಾಕ್, ಇರಾನ್, ಅರ್ಮೇನಿಯಾ, ಅಜರ್‌ಬೈಜಾನ್ ಕಡೆಯ ಮನೆ ಅಡುಗೆ. ಟರ್ಕಿಯಲ್ಲಿ ಯಾಪ್ರಾಕ್ ಸರ್ಮಾ, ಗ್ರೀಸಿನಲ್ಲಿ ಡೋಲ್ಮಾಡೆಸ್, ಅರಬರಲ್ಲಿ ವರಕ್ ಎನಬ್, ಅರ್ಮೇನಿಯಾದಲ್ಲಿ ಟೋಲ್ಮಾ. ಅಜರ್‌ಬೈಜಾನಿನ ಡೋಲ್ಮಾ ಪರಂಪರೆ 2017ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ‘ಇದು ಮೂಲತಃ ನಮ್ಮದು’ ಎಂಬ ಜಗಳ ಈ ದೇಶಗಳ ನಡುವೆ ಇದ್ದೇ ಇದೆ. ನಾವು ಅದರೊಳಗೆ ಹೋಗುವುದು ಬೇಡ.

ಮುಖ್ಯವಾಗಿ ಎರಡು ಬಗೆ. ಒಂದು, ಮಾಂಸವಿಲ್ಲದೆ ಆಲಿವ್ ಎಣ್ಣೆಯಲ್ಲಿ ಮಾಡಿ ತಣ್ಣಗೆ ತಿನ್ನುವುದು. ಕ್ರೈಸ್ತರು ಮಾಂಸ ಬಿಡುವ ಉಪವಾಸದ ದಿನಗಳಲ್ಲಿ ಗ್ರೀಸಿನಲ್ಲೂ ಲೆಬನಾನಿನಲ್ಲೂ ಇದಕ್ಕೆ ಬೇಡಿಕೆ ಜಾಸ್ತಿ. ಇನ್ನೊಂದು, ಖೀಮಾ ತುಂಬಿ ಬಿಸಿಬಿಸಿಯಾಗಿ ಮೊಸರಿನ ಜೊತೆ ತಿನ್ನುವುದು. ಇಲ್ಲಿ ಮೊದಲನೆಯದನ್ನು ಪೂರ್ತಿಯಾಗಿ ಮಾಡೋಣ. ಎರಡನೆಯದಕ್ಕೆ ಬೇಕಾದ ಬದಲಾವಣೆ ಆಮೇಲೆ.

ಎಲೆ ಎಲ್ಲಿಂದ ತರುವುದು

ಈ ಅಡುಗೆಯಲ್ಲಿ ಅರ್ಧ ಕೆಲಸ ಎಲೆಯ ಆಯ್ಕೆಯಲ್ಲೇ ಮುಗಿಯುತ್ತದೆ. ಟರ್ಕಿಯಲ್ಲಿ ಟೋಕಾಟ್ ಪ್ರಾಂತ್ಯದ ನರಿಂಜೆ ತಳಿಯ ಎಲೆಗೆ ದೊಡ್ಡ ಹೆಸರು. ಅದು ತೆಳು, ನರಗಳು ಸಣ್ಣ, ಅಂಚಿನ ಸೀಳುಗಳು ಆಳವಿಲ್ಲ. ಮನಿಸಾ ಕಡೆ ಸುಲ್ತಾನಾ ತಳಿಯ ಎಲೆ ಬಳಸುತ್ತಾರೆ. ಈ ಸುಲ್ತಾನಾ ನಮಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಕಡೆ ಒಣದ್ರಾಕ್ಷಿಗಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಅದೇ ತಳಿ.

ಹಾಗಂತ ತೋಟಕ್ಕೆ ಹೋಗಿ ಎಲೆ ಕಿತ್ತು ತರಬೇಡಿ. ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ನಮ್ಮ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿಯ ಕೊಂಬೆ ಕತ್ತರಿಸುವುದು), ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಏಪ್ರಿಲ್ ಚಾಟ್ನಿ ಆದಮೇಲೆ ಬರುವ ಚಿಗುರು ನೋಡಲು ಡೋಲ್ಮಾಕ್ಕೆಂದೇ ಹುಟ್ಟಿದಂತಿರುತ್ತದೆ. ಆದರೆ ಆ ಚಿಗುರಿಗೆ ಬೂಜುರೋಗದ ಔಷಧ ಬೀಳುತ್ತದೆ, ಬೆಳವಣಿಗೆ ತಡೆಯುವ ರಾಸಾಯನಿಕವೂ ಬೀಳುತ್ತದೆ. ಔಷಧ ಹೊಡೆದು ಇಷ್ಟು ದಿನ ಬಿಟ್ಟು ಕೊಯ್ಯಬೇಕು ಎನ್ನುವ ಲೆಕ್ಕವೆಲ್ಲ ಹಣ್ಣಿಗೆ ಹಾಕಿದ್ದು. ಎಲೆಯನ್ನು ತಿನ್ನುತ್ತಾರೆ ಅಂತ ಅಲ್ಲಿ ಯಾರೂ ಅಂದುಕೊಂಡಿರುವುದಿಲ್ಲ. ಕೆಲವು ಔಷಧಗಳು ಎಲೆಯ ಒಳಗೇ ಇಳಿಯುತ್ತವೆ, ತೊಳೆದರೆ ಹೋಗುವುದಿಲ್ಲ. ಎಲೆಯನ್ನೇ ವ್ಯಾಪಾರಕ್ಕೆ ಕಳಿಸುವ ಟರ್ಕಿಯ ಸರಕಿಗೂ ಔಷಧದ ಉಳಿಕೆ ಇದೆಯಾ ಅಂತ ಯುರೋಪಿನ ಗಡಿಯಲ್ಲಿ ವಿಶೇಷ ತಪಾಸಣೆ ಇದೆ.

ಮನೆಯ ಚಪ್ಪರದಲ್ಲಿ ಏನೂ ಹೊಡೆಯದೆ ಬೆಳೆಸಿದ ಬಳ್ಳಿ ಇದ್ದರೆ ನೀವು ಅದೃಷ್ಟವಂತರು. ತುದಿಯಿಂದ ಎಣಿಸಿ ಮೂರನೆಯ, ನಾಲ್ಕನೆಯ, ಐದನೆಯ ಎಲೆ ಕೊಯ್ಯಿರಿ. ಅಂಗೈಯಷ್ಟು ಅಗಲ, ತಿಳಿ ಹಸಿರು, ಮಡಚಿದರೆ ಮುರಿಯಬಾರದು. ಬಳ್ಳಿ ಬೆಂಗಳೂರು ಬ್ಲೂ ಆಗಿದ್ದರೆ ಸ್ವಲ್ಪ ಯೋಚಿಸಿ. ಅದರ ಎಲೆಯ ಹಿಂಭಾಗದಲ್ಲಿ ನುಣ್ಣನೆಯ ರೋಮ ದಟ್ಟವಾಗಿರುತ್ತದೆ. ಬೆಂದರೂ ನಾಲಿಗೆಗೆ ಬಟ್ಟೆ ತಾಗಿದ ಹಾಗಾಗುತ್ತದೆ.

ಬಳ್ಳಿ ಇಲ್ಲದವರಿಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಬಾಟಲಿ ಎಲೆಯೇ ದಾರಿ. ದುಬೈ, ದೋಹಾ, ಕುವೈತ್‌ನಲ್ಲಿರುವ ಕನ್ನಡಿಗರಿಗೆ ಇದು ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ. ಇಲ್ಲಿ ದೊಡ್ಡ ಊರುಗಳಲ್ಲಿ ವಿದೇಶಿ ದಿನಸಿ ಇಡುವ ಅಂಗಡಿಗಳಲ್ಲಿ ಅಥವಾ ಆನ್‌ಲೈನ್‌ನಲ್ಲಿ ಹುಡುಕಬೇಕು. ಬಾಟಲಿಯ ಮೇಲೆ ‘ನೀರು ಬಸಿದ ತೂಕ’ ಎಷ್ಟು ಅಂತ ನೋಡಿ. ಒಂದು ಎಲೆ ಸುಮಾರು 4 ಗ್ರಾಂ ಅಂದುಕೊಂಡರೆ 250 ಗ್ರಾಂನಲ್ಲಿ 60 ಎಲೆ ಬರುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಎಲೆ, ನೀರು, ಉಪ್ಪು, ಸಿಟ್ರಿಕ್ ಆ್ಯಸಿಡ್ ಇಷ್ಟೇ ಇದ್ದರೆ ಒಳ್ಳೆಯದು. ಕೆಲವರು ಸೋಡಿಯಂ ಬೆಂಜೊಯೇಟ್ ಅಥವಾ ಪೊಟ್ಯಾಷಿಯಂ ಸಾರ್ಬೇಟ್ ಸೇರಿಸುತ್ತಾರೆ. ಅವು ಅನುಮತಿ ಇರುವ ಸಂರಕ್ಷಕಗಳೇ, ಆದರೆ ಅವಿಲ್ಲದ ಬಾಟಲಿಯೂ ಸಿಗುತ್ತದೆ.

ಎಲೆಯಲ್ಲಿ ಏನಿದೆ

ಹಸಿ ದ್ರಾಕ್ಷಿ ಎಲೆ 100 ಗ್ರಾಂಗೆ ಸುಮಾರು 93 ಕ್ಯಾಲೊರಿ, 5.6 ಗ್ರಾಂ ಪ್ರೋಟೀನ್, 11 ಗ್ರಾಂ ನಾರು, 363 ಮಿಲಿಗ್ರಾಂ ಕ್ಯಾಲ್ಸಿಯಂ, 2.6 ಮಿಲಿಗ್ರಾಂ ಕಬ್ಬಿಣ ಕೊಡುತ್ತದೆ. ವಿಟಮಿನ್ ಎ ಕೂಡ ಧಾರಾಳ, ಸುಮಾರು 1376 ಮೈಕ್ರೋಗ್ರಾಂ. ಸೊಪ್ಪುಗಳ ಸಾಲಿನಲ್ಲಿ ಇದು ಮುಂದಿನ ಬೆಂಚಿನ ವಿದ್ಯಾರ್ಥಿ. ಸೋಡಿಯಂ ಬರೀ 9 ಮಿಲಿಗ್ರಾಂ.

ಬಾಟಲಿಗೆ ಹೋದ ಎಲೆಯ ಕಥೆ ಬೇರೆ. ಕ್ಯಾಲ್ಸಿಯಂ ಸುಮಾರು 289, ಕಬ್ಬಿಣ 3 ಮಿಲಿಗ್ರಾಂನಷ್ಟು ಉಳಿದಿರುತ್ತದೆ. ವಿಟಮಿನ್ ಎ ಮಾತ್ರ ಸುಮಾರು 260 ಮೈಕ್ರೋಗ್ರಾಂಗೆ ಇಳಿಯುತ್ತದೆ. ಸೋಡಿಯಂ 9 ಇದ್ದದ್ದು 2853 ಮಿಲಿಗ್ರಾಂ ಆಗುತ್ತದೆ! ಒಂದೇ ಎಲೆಯಲ್ಲಿ 110 ಮಿಲಿಗ್ರಾಂ ದಾಟುತ್ತದೆ. ಎಂಟು ಡೋಲ್ಮಾ ತಿಂದರೆ ಎಲೆಯಿಂದಲೇ 900 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಹಾಕಿರುವ ಮಿತಿ 2000. ಒಳಗಿನ ಹೂರಣದ ಉಪ್ಪನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ಅದಕ್ಕೇ ನೆನೆಹಾಕಿ ಉಪ್ಪು ಬಿಡಿಸುವುದನ್ನು ಬರೀ ರುಚಿಯ ವಿಷಯ ಅಂದುಕೊಂಡು ಅರ್ಧಕ್ಕೆ ಬಿಡಬೇಡಿ.

ಪ್ರಮಾಣವನ್ನೂ ನೆನಪಿಡಬೇಕು. 100 ಗ್ರಾಂ ಎಲೆಯನ್ನು ಒಂದೇ ಊಟದಲ್ಲಿ ಯಾರೂ ತಿನ್ನುವುದಿಲ್ಲ. ಎಂಟು ಡೋಲ್ಮಾದಲ್ಲಿರುವುದು 32 ಗ್ರಾಂ. ಬಾಟಲಿ ಎಲೆಯಾದರೆ ಅದರಿಂದ ಸಿಗುವ ಕ್ಯಾಲ್ಸಿಯಂ ಸುಮಾರು 90 ಮಿಲಿಗ್ರಾಂ, ದಿನದ 1000 ಮಿಲಿಗ್ರಾಂನಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಕಬ್ಬಿಣ ಸುಮಾರು 1 ಮಿಲಿಗ್ರಾಂ. ಅದೂ ಸೊಪ್ಪಿನ ಕಬ್ಬಿಣ, ಮೈಗೆ ಹತ್ತುವುದು ಕಡಿಮೆ. ಎಲೆಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಅದನ್ನು ಇನ್ನಷ್ಟು ತಡೆಯುತ್ತದೆ. ತಿನ್ನುವ ಮುಂಚೆ ಮೇಲೆ ಹಸಿ ನಿಂಬೆರಸ ಹಿಂಡಿದರೆ ಅದರ ವಿಟಮಿನ್ ಸಿ ಒಂದಿಷ್ಟು ಸಹಾಯ ಮಾಡುತ್ತದೆ. ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದ್ದ ನಿಂಬೆರಸದಿಂದ ಆ ಕೆಲಸ ಅಷ್ಟಾಗಿ ಆಗುವುದಿಲ್ಲ.

ಇನ್ನೊಂದು ಮಾತು. ಕೆಂಪು ದ್ರಾಕ್ಷಿ ಎಲೆಯ ಸಾರವನ್ನು ಯುರೋಪಿನಲ್ಲಿ ಕಾಲಿನ ರಕ್ತನಾಳದ ತೊಂದರೆಗೆ ಗಿಡಮೂಲಿಕೆ ಔಷಧವಾಗಿ ಮಾರುತ್ತಾರೆ. ಅದನ್ನು ಹಿಡಿದುಕೊಂಡು ‘ಡೋಲ್ಮಾ ತಿಂದರೆ ಕಾಲುನೋವು ಹೋಗುತ್ತದೆ’ ಅನ್ನುವವರಿದ್ದಾರೆ. ಔಷಧದ ಸಾರವೇ ಬೇರೆ, ಊಟದ ಎಲೆಯೇ ಬೇರೆ. ಸುಮ್ನೆ ರುಚಿಗಾಗಿ ತಿನ್ನಿ.

ಏನೇನು ಬೇಕು (ಸುಮಾರು 50 ಡೋಲ್ಮಾಗೆ)

- ದ್ರಾಕ್ಷಿ ಎಲೆ 60 (50 ಸುತ್ತಲು, ಉಳಿದವು ಪಾತ್ರೆಯ ತಳಕ್ಕೆ)
- ಅಕ್ಕಿ 200 ಗ್ರಾಂ
- ಈರುಳ್ಳಿ 300 ಗ್ರಾಂ, ತುಂಬ ಸಣ್ಣಗೆ ಹೆಚ್ಚಿದ್ದು
- ಆಲಿವ್ ಎಣ್ಣೆ 100 ಮಿ.ಲೀ., ಎರಡು ಪಾಲು ಮಾಡಿ
- ಪೈನ್ ನಟ್ 25 ಗ್ರಾಂ
- ಸಣ್ಣ ಕಪ್ಪು ಒಣದ್ರಾಕ್ಷಿ 25 ಗ್ರಾಂ
- ಸಬ್ಬಸಿಗೆ ಸೊಪ್ಪು, ಪುದೀನ, ಪಾರ್ಸ್ಲಿ ಎಲ್ಲ ಸೇರಿ ಎರಡು ಹಿಡಿ
- ಆಲ್‌ಸ್ಪೈಸ್ ಪುಡಿ ಅರ್ಧ ಟೀ ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ
- ಸಕ್ಕರೆ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ
- ನಿಂಬೆಹಣ್ಣು 2

ಅಕ್ಕಿಯ ಬಗ್ಗೆ. ಟರ್ಕಿಯಲ್ಲಿ ಬಾಲ್ಡೋ ಅಥವಾ ಒಸ್ಮಾಂಜಿಕ್ ಎಂಬ ಗಿಡ್ಡ, ದಪ್ಪ ಅಕ್ಕಿ ಬಳಸುತ್ತಾರೆ. ಲೆಬನಾನಿನಲ್ಲಿ ಈಜಿಪ್ಟ್ ಅಕ್ಕಿ. ಬೆಂದಾಗ ಒಂದಕ್ಕೊಂದು ಅಂಟಿಕೊಳ್ಳುವ ಅಕ್ಕಿ ಬೇಕು. ನಮ್ಮ ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ. ಬಾಸ್ಮತಿ ಹಾಕಿದರೆ ಹೂರಣ ಉದುರುದುರು. ಕುಸುಬಲಕ್ಕಿ ಬೇಡವೇ ಬೇಡ, ಅಕ್ಕಿ ಬೇಯುವಷ್ಟರಲ್ಲಿ ಎಲೆ ಕರಗಿ ಹೋಗುತ್ತದೆ.

ಟರ್ಕಿಯಲ್ಲಿ ಪೈನ್ ನಟ್‌ಗೆ ಹೆಸರಾದದ್ದು ಬೆರ್ಗಾಮಾ ಹತ್ತಿರದ ಕೋಜಾಕ್ ಪ್ರಸ್ಥಭೂಮಿ. ನಮ್ಮಲ್ಲಿ ಸಿಗುವ ಹಿಮಾಚಲದ ಚಿಲ್ಗೋಜಾ ಅದೇ ಪೈನ್ ಕುಲದ ಬೇರೆ ಮರದ್ದು. ಉದ್ದಕ್ಕಿದೆ, ಬೆಲೆಯೂ ಮೈ ಸುಡುತ್ತದೆ. ಸಿಪ್ಪೆ ತೆಗೆದ ಬಾದಾಮಿಯನ್ನು ಸೀಳಿ ಹಾಕಿದರೂ ನಡೆಯುತ್ತದೆ. ಕಡಿಮೆ ಬೆಲೆಗೆ ಸಿಗುವ ಚೀನಾದ ಒಂದು ಜಾತಿಯ ಪೈನ್ ನಟ್ ತಿಂದರೆ ಕೆಲವರಿಗೆ ಒಂದೆರಡು ದಿನ ಬಿಟ್ಟು ಬಾಯೆಲ್ಲ ಕಹಿಯಾಗಿ, ಲೋಹ ನೆಕ್ಕಿದಂತಾಗುತ್ತದೆ. ಒಂದೆರಡು ವಾರ ಹಾಗೇ ಇರಬಹುದು. ಅಪಾಯವಿಲ್ಲ, ತಾನಾಗಿ ಹೋಗುತ್ತದೆ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಹೆದರಿಕೆಯಾಗುತ್ತೆ ಅಲ್ವಾ?

ಸಬ್ಬಸಿಗೆ ಸೊಪ್ಪಿನ ಮಟ್ಟಿಗೆ ನಾವು ಪುಣ್ಯವಂತರು. ಈ ಅಡುಗೆಯ ಮುಖ್ಯ ಪರಿಮಳವೇ ಅದು, ನಮ್ಮ ಯಾವ ಸಂತೆಯಲ್ಲೂ ಕಟ್ಟುಗಟ್ಟಲೆ ಸಿಗುತ್ತದೆ. ಪಾರ್ಸ್ಲಿ ಸಿಗದಿದ್ದರೆ ಬಿಡಿ. ಅದರ ಬದಲು ಕೊತ್ತಂಬರಿ ಹಾಕುವವರೂ ಇದ್ದಾರೆ. ಅಜರ್‌ಬೈಜಾನಿನಲ್ಲಿ ಕೊತ್ತಂಬರಿ ಹಾಕುವುದೇ ವಾಡಿಕೆ. ಆಲ್‌ಸ್ಪೈಸ್ ಇಲ್ಲದಿದ್ದರೆ ಎರಡು ಲವಂಗ ಕುಟ್ಟಿ ಹಾಕಿ, ಚಕ್ಕೆ ಒಂಚೂರು ಹೆಚ್ಚಿಸಿ.

ಹಂತ 1: ಎಲೆ ಸಿದ್ಧಮಾಡುವುದು

ಬಾಟಲಿ ಎಲೆಯಾದರೆ ಸುರುಳಿಯನ್ನು ನಿಧಾನವಾಗಿ ಹೊರತೆಗೆಯಿರಿ, ಎಳೆದರೆ ಹರಿಯುತ್ತದೆ. ಒಂದೊಂದಾಗಿ ಬಿಡಿಸಿ ನಲ್ಲಿ ನೀರಿನಲ್ಲಿ ತೊಳೆಯಿರಿ. ಅಗಲದ ಪಾತ್ರೆಯಲ್ಲಿ ಹರಡಿ ಕುದಿಯುವ ನೀರು ಹೊಯ್ದು 20 ನಿಮಿಷ ಬಿಡಿ. ನೀರು ಚೆಲ್ಲಿ ಮತ್ತೆ ಬಿಸಿನೀರು ಹಾಕಿ 20 ನಿಮಿಷ. ಈಗ ಅಂಚಿನಿಂದ ಒಂದು ಚೂರು ಹರಿದು ಬಾಯಿಗೆ ಹಾಕಿಕೊಳ್ಳಿ. ಹುಳಿ ಮುಂದೆ, ಉಪ್ಪು ಹಿಂದೆ ಇರಬೇಕು. ಉಪ್ಪೇ ಮೊದಲು ತಾಗಿದರೆ ಮೂರನೆಯ ಸಲ ನೀರು ಬದಲಿಸಿ. ಈ ಪರೀಕ್ಷೆ ಮಾಡದೆ ಹೂರಣಕ್ಕೆ ಉಪ್ಪು ಹಾಕಬೇಡಿ.

ಹಸಿ ಎಲೆಯಾದರೆ ಚೆನ್ನಾಗಿ ತೊಳೆದು, ಕುದಿಯುವ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಹತ್ತು ಹನ್ನೆರಡು ಎಲೆಗಳನ್ನು ಒಟ್ಟಿಗೆ ಒಂದರಿಂದ ಎರಡು ನಿಮಿಷ ಅದ್ದಿ. ತಿಳಿ ಹಸಿರು ಹೋಗಿ ಮಂಕು ಹಸಿರು ಬಂದ ಕೂಡಲೇ ತಣ್ಣೀರಿಗೆ ಹಾಕಿ. ಪತ್ರೊಡೆ ಮಾಡಿ ರೂಢಿಯಿರುವವರು ಇಲ್ಲಿ ತುರಿಕೆಯ ಚಿಂತೆ ಬಿಡಬಹುದು. ಕೆಸುವಿನ ಎಲೆಯ ಹಾಗೆ ಇದು ಗಂಟಲು ಕೆರೆಯುವುದಿಲ್ಲ. ಹುಳಿ ಇಲ್ಲಿ ರುಚಿಗಷ್ಟೆ.

ತೊಟ್ಟನ್ನು ಬುಡಕ್ಕೆ ಕತ್ತರಿಸಿ. ನಡುವಿನ ನರ ದಪ್ಪವಿದ್ದರೆ ಕೆಳಗಿನ ಅರ್ಧ ಇಂಚು ತೆಗೆದುಬಿಡಿ. ಹರಿದವು, ತೂತಾದವು, ತುಂಬ ಸಣ್ಣವು ಒಂದು ಕಡೆ ಇರಲಿ.

ಹಂತ 2: ಹೂರಣ

ಅಕ್ಕಿಯನ್ನು ನಾಲ್ಕೈದು ಸಲ ತೊಳೆದು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಒಣದ್ರಾಕ್ಷಿಯನ್ನೂ ಬೇರೆ ನೆನೆಸಿಡಿ.

ದಪ್ಪ ತಳದ ಬಾಣಲೆಗೆ ಅರ್ಧ ಎಣ್ಣೆ, ಅಂದರೆ 50 ಮಿ.ಲೀ. ಹಾಕಿ. ಮೊದಲು ಪೈನ್ ನಟ್, ಅದು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಈರುಳ್ಳಿ. ಉರಿ ಸಣ್ಣಗಿರಲಿ. ಹದಿನೈದು ಇಪ್ಪತ್ತು ನಿಮಿಷ ಬೇಕು. ಈರುಳ್ಳಿ ಕೆಂಪಾಗಬಾರದು, ಮೆತ್ತಗಾಗಿ ಸಿಹಿ ಬಿಡಬೇಕು. ಇಲ್ಲಿ ಅವಸರ ಮಾಡಿದರೆ ಆಮೇಲೆ ಎಷ್ಟು ಮಸಾಲೆ ಹಾಕಿದರೂ ಅದು ಸರಿಹೋಗುವುದಿಲ್ಲ.

ನೀರು ಬಸಿದ ಅಕ್ಕಿ ಹಾಕಿ ಮೂರು ನಾಲ್ಕು ನಿಮಿಷ ಹುರಿಯಿರಿ. ಒಣದ್ರಾಕ್ಷಿ, ಮಸಾಲೆ ಪುಡಿಗಳು, ಸಕ್ಕರೆ, ಉಪ್ಪು ಹಾಕಿ 150 ಮಿ.ಲೀ. ಬಿಸಿನೀರು ಸೇರಿಸಿ ಮುಚ್ಚಿ. ಏಳೆಂಟು ನಿಮಿಷದಲ್ಲಿ ನೀರು ಇಂಗುತ್ತದೆ. ಅಕ್ಕಿ ಅರ್ಧ ಬೆಂದಿರಬೇಕು, ಹಲ್ಲಿಗೆ ನಡುವೆ ಗಟ್ಟಿ ಸಿಗಬೇಕು. ಒಲೆಯಿಂದ ಇಳಿಸಿ ಅಗಲದ ತಟ್ಟೆಗೆ ಸುರಿದು ಆರಲು ಬಿಡಿ. ಸೊಪ್ಪುಗಳನ್ನು ಆರಿದ ಮೇಲೆ ಬೆರೆಸಿ, ಬಿಸಿಯಲ್ಲಿ ಬೆರೆಸಿದರೆ ಪರಿಮಳ ಅಲ್ಲೇ ಹೋಗಿಬಿಡುತ್ತದೆ.

ಹಂತ 3: ಸುತ್ತುವುದು

ಎಲೆಯ ಹೊಳಪಿನ ಮುಖ ಕೆಳಗೆ, ನರ ಕಾಣುವ ಮುಖ ಮೇಲೆ, ತೊಟ್ಟಿನ ಕಡೆ ನಿಮ್ಮತ್ತ. ತುಂಬಿದ ಒಂದು ಟೀ ಚಮಚ ಹೂರಣ, ಸುಮಾರು 13 ಗ್ರಾಂ, ತೊಟ್ಟಿನ ಮೇಲ್ಭಾಗದಲ್ಲಿ ಅಡ್ಡಗೆರೆಯಂತೆ ಇಡಿ. ಕೆಳಗಿನ ಎರಡು ಕಿವಿಗಳನ್ನು ಅದರ ಮೇಲೆ ಮಡಚಿ. ಆಮೇಲೆ ಎಡಬಲದ ಅಂಚು ಒಳಗೆ. ಈಗ ಮುಂದಕ್ಕೆ ಉರುಳಿಸುತ್ತ ಹೋಗಿ. ಕಿರುಬೆರಳಿಗಿಂತ ತುಸು ದಪ್ಪ ಬಂದರೆ ಸರಿ.

ಎಷ್ಟು ಬಿಗಿ? ಒತ್ತಿದರೆ ಸ್ವಲ್ಪ ಕುಗ್ಗಬೇಕು. ಅಕ್ಕಿ ಇನ್ನೂ ಊದಬೇಕಲ್ಲ, ಬಿಗಿಯಾಗಿ ಸುತ್ತಿದರೆ ಎಲೆ ಸೀಳುತ್ತದೆ. ಸಡಿಲ ಬಿಟ್ಟರೆ ನೀರು ನುಗ್ಗಿ ಹೂರಣ ಗಂಜಿಯಾಗುತ್ತದೆ. ಮೊದಲ ಐದಾರು ಕೆಟ್ಟ ಆಕಾರದಲ್ಲೇ ಬರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಸೀಳು ಆಳವಿರುವ ಎಲೆ ಸಿಕ್ಕಿದರೆ ಹರಿದ ಎಲೆಯ ಒಂದು ತುಂಡನ್ನು ಒಳಗಿಂದ ತೇಪೆ ಹಾಕಿ.

ಟರ್ಕಿಯಲ್ಲೂ ಲೆಬನಾನಿನಲ್ಲೂ ಇದನ್ನು ಒಬ್ಬರೇ ಕೂತು ಮಾಡುವುದು ಕಡಿಮೆ. ಅತ್ತೆ, ಸೊಸೆ, ಪಕ್ಕದ ಮನೆಯವರು ಎಲ್ಲ ಮೇಜಿನ ಸುತ್ತ ಕೂತು ಮಾತಾಡುತ್ತ ನೂರಾರು ಸುತ್ತುತ್ತಾರೆ. 50ಕ್ಕೆ ಒಬ್ಬರಿಗೆ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ.

ಹಂತ 4: ಬೇಯಿಸುವುದು

ಅಗಲದ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ತಳಕ್ಕೆ ಹರಿದ ಎಲೆಗಳು, ಅದರ ಮೇಲೆ ಒಂದು ನಿಂಬೆಹಣ್ಣಿನ ಬಿಲ್ಲೆಗಳು. ತಳ ಹಿಡಿದರೂ ಡೋಲ್ಮಾಗೆ ಏನೂ ಆಗಬಾರದು ಅಂತ ಈ ಹಾಸು. ಡೋಲ್ಮಾಗಳನ್ನು ಮಡಿಕೆ ಕೆಳಗೆ ಬರುವಂತೆ, ಒಂದಕ್ಕೊಂದು ತಾಗಿಸಿ, ಅಂಚಿನಿಂದ ಒಳಕ್ಕೆ ವೃತ್ತವಾಗಿ ಜೋಡಿಸಿ. ಜಾಗ ಖಾಲಿ ಉಳಿದರೆ ಕುದಿಯುವಾಗ ಅಲುಗಾಡಿ ಬಿಚ್ಚಿಕೊಳ್ಳುತ್ತವೆ.

ಉಳಿದ 50 ಮಿ.ಲೀ. ಎಣ್ಣೆ, ಇನ್ನೊಂದು ನಿಂಬೆಯ ರಸ, 300 ಮಿ.ಲೀ. ಬಿಸಿನೀರು ಬೆರೆಸಿ ಹೊಯ್ಯಿರಿ. ನೀರು ಮೇಲಿನ ಸಾಲಿನ ಮಟ್ಟಕ್ಕೆ ಬರಬೇಕು, ಮುಳುಗಿಸಬಾರದು. ಮೇಲೆ ಒಂದು ತಟ್ಟೆಯನ್ನು ಬೋರಲು ಹಾಕಿ. ಮುಚ್ಚಳ ಮುಚ್ಚಿ. ಒಂದು ಕುದಿ ಬಂದ ಮೇಲೆ ಉರಿಯನ್ನು ತೀರ ಸಣ್ಣಗೆ ಮಾಡಿ 40ರಿಂದ 50 ನಿಮಿಷ. ದಪ್ಪ ಎಲೆಯಾದರೆ ಒಂದು ಗಂಟೆಯೂ ಆಗಬಹುದು. ನಡುವೆ ನೀರು ಆರಿದರೆ ಅಂಚಿನಿಂದ ಸ್ವಲ್ಪ ಬಿಸಿನೀರು ಹಾಕಿ. ಮೇಲಿನಿಂದ ಒಂದನ್ನು ತೆಗೆದು ಕಚ್ಚಿ ನೋಡಿ. ಎಲೆ ಎಳೆಯದೆ ಕತ್ತರಿಸಿದರೆ ಆಯಿತು.

ಕುಕ್ಕರ್‌ನಲ್ಲಿ ಮಾಡಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ನನ್ನ ಪ್ರಕಾರ ಬೇಡ. ಒಳಗಿನ ಕುದಿತ ಜೋರು, ಎಲೆ ಬಿಚ್ಚಿಕೊಳ್ಳುತ್ತದೆ. ನಡುವೆ ತೆಗೆದು ರುಚಿ ನೋಡಲೂ ಆಗುವುದಿಲ್ಲ.

ಒಲೆ ಆರಿಸಿದ ಮೇಲೆ ತಟ್ಟೆ ತೆಗೆಯಬೇಡಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹಾಗೇ ಬಿಡಿ. ಉಳಿದ ರಸವನ್ನು ಅಕ್ಕಿ ಹೀರಿಕೊಳ್ಳುತ್ತದೆ, ಸುರುಳಿ ಗಟ್ಟಿಯಾಗುತ್ತದೆ. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತದೆ. ಮರುದಿನ ತಿಂದರೆ ರುಚಿ ಇನ್ನೂ ಚೆನ್ನ.

ಒಂದು ಡೋಲ್ಮಾಗೆ ಎಷ್ಟು

ಮೇಲಿನ ಅಳತೆಯನ್ನೇ ಕೂಡೋಣ. ಅಕ್ಕಿ ಸುಮಾರು 720 ಕ್ಯಾಲೊರಿ. ಈರುಳ್ಳಿ 120. ಪೈನ್ ನಟ್ 170. ಒಣದ್ರಾಕ್ಷಿ 70. ತಿನ್ನುವ 50 ಎಲೆ 140. ಸೊಪ್ಪು, ಸಕ್ಕರೆ, ನಿಂಬೆ ಸೇರಿ 40. ಎಣ್ಣೆ ಒಂದೇ 800. ಒಟ್ಟು 2060ರ ಆಸುಪಾಸು. 50ರಿಂದ ಭಾಗಿಸಿದರೆ ಒಂದಕ್ಕೆ 41 ಕ್ಯಾಲೊರಿ. ಅದರಲ್ಲಿ ಕೊಬ್ಬು 2.3 ಗ್ರಾಂ, ಪಿಷ್ಟ ಮತ್ತು ಸಕ್ಕರೆ ಸೇರಿ 5 ಗ್ರಾಂ, ಪ್ರೋಟೀನ್ 0.6 ಗ್ರಾಂ.

ಅಂದರೆ ಎಂಟು ತಿಂದರೆ 330 ಕ್ಯಾಲೊರಿ. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಬಂದದ್ದು ಎಣ್ಣೆಯಿಂದ. ಪ್ರೋಟೀನ್ 5 ಗ್ರಾಂ ಮಾತ್ರ. ಎಣ್ಣೆಯನ್ನು 100ರಿಂದ 60 ಮಿ.ಲೀ.ಗೆ ಇಳಿಸಿದರೆ ಒಂದಕ್ಕೆ 35 ಕ್ಯಾಲೊರಿ ಆಗುತ್ತದೆ, ರುಚಿಯೂ ಅಷ್ಟೇನೂ ಕೆಡುವುದಿಲ್ಲ. ಪೂರ್ತಿ ತೆಗೆದುಬಿಡಬೇಡಿ. ಎಲೆಯ ವಿಟಮಿನ್ ಎ, ವಿಟಮಿನ್ ಕೆ ಮೈಗೆ ಹತ್ತಲು ಕೊಬ್ಬು ಬೇಕು. ತಣ್ಣಗೆ ತಿನ್ನುವ ಅಡುಗೆಯಾದ್ದರಿಂದ ತುಪ್ಪ, ಬೆಣ್ಣೆ ಕೂಡ ಆಗುವುದಿಲ್ಲ, ಹೆಪ್ಪುಗಟ್ಟಿ ನಾಲಿಗೆಗೆ ಅಂಟುತ್ತದೆ.

ಖೀಮಾ ಹಾಕಿದ್ದಕ್ಕೆ ಲೆಕ್ಕ ಬೇರೆ. ಕುರಿ ಖೀಮಾ 300 ಗ್ರಾಂ, ಅಕ್ಕಿ 100 ಗ್ರಾಂ, ಈರುಳ್ಳಿ 200 ಗ್ರಾಂ, ಎಣ್ಣೆ 20 ಮಿ.ಲೀ., ಒಂದು ಚಮಚ ಟೊಮೆಟೊ ಪೇಸ್ಟ್, ಅಷ್ಟೇ 50 ಎಲೆ. ಒಂದಕ್ಕೆ 32 ಕ್ಯಾಲೊರಿ, ಕೊಬ್ಬು 1.9 ಗ್ರಾಂ, ಪ್ರೋಟೀನ್ 1.4 ಗ್ರಾಂ, ಪಿಷ್ಟ 2.5 ಗ್ರಾಂ. ಮಾಂಸದ ಡೋಲ್ಮಾಗಿಂತ ಸಸ್ಯಾಹಾರಿ ಡೋಲ್ಮಾದಲ್ಲಿ ಕ್ಯಾಲೊರಿ ಜಾಸ್ತಿ! ಎಣ್ಣೆ ಮತ್ತು ಅಕ್ಕಿಯ ಪ್ರಮಾಣ ನೋಡಿದರೆ ಇದರಲ್ಲಿ ವಿಚಿತ್ರವೇನಿಲ್ಲ. ಆದರೆ ಕುರಿಯ ಕೊಬ್ಬಿನಲ್ಲಿ ಸ್ಯಾಚುರೇಟೆಡ್ (ಹೃದಯಕ್ಕೆ ಅಷ್ಟು ಒಳ್ಳೆಯದಲ್ಲದ) ಪಾಲು ಹೆಚ್ಚು, ಆಲಿವ್ ಎಣ್ಣೆಯಲ್ಲಿ ಕಡಿಮೆ ಎಂಬುದೂ ನೆನಪಿರಲಿ.

ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಡೋಲ್ಮಾ ಕೊಳ್ಳುವವರು ಪಟ್ಟಿಯಲ್ಲಿ ಎಣ್ಣೆಯ ಹೆಸರು ಓದಿ. ಹೊರಗಿನ ಚಿತ್ರದಲ್ಲಿ ಆಲಿವ್ ಕೊಂಬೆ ಇದ್ದರೂ ಒಳಗೆ ಎಷ್ಟೋ ಸಲ ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಇರುತ್ತದೆ.

ಹೂರಣ ಬದಲಿಸಬೇಕೆಂದರೆ

ಖೀಮಾ ಬಗೆಯಲ್ಲಿ ಹೂರಣವನ್ನು ಮೊದಲು ಬೇಯಿಸುವುದಿಲ್ಲ. ಹಸಿ ಖೀಮಾ, ತೊಳೆದ ಅಕ್ಕಿ, ಈರುಳ್ಳಿ, ಸೊಪ್ಪು, ಮೆಣಸು ಕಲಸಿ ಸುತ್ತುತ್ತಾರೆ. ನೀರಿಗೆ ಟೊಮೆಟೊ ಪೇಸ್ಟ್ ಕದಡುತ್ತಾರೆ. ಅರಬರ ಮನೆಗಳಲ್ಲಿ ತಳಕ್ಕೆ ಎಲೆಯ ಬದಲು ಕುರಿಯ ಪಕ್ಕೆಮೂಳೆ ಜೋಡಿಸುವುದೂ ಉಂಟು. ಮೇಲೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಮೊಸರು. ಗ್ರೀಕರು ಮೊಟ್ಟೆ ಮತ್ತು ನಿಂಬೆರಸದ ಬಿಸಿ ಸಾಸ್ ಸುರಿಯುತ್ತಾರೆ.

ಮಾಂಸ ಬೇಡ, ಪ್ರೋಟೀನ್ ಬೇಕು ಅನ್ನುವವರು ಇರಾನಿನ ಕಡೆ ನೋಡಬೇಕು. ಅಲ್ಲಿನ ಡೋಲ್ಮೆಗೆ ಅಕ್ಕಿಯ ಜೊತೆ ಹಳದಿ ಬೇಳೆ ಹಾಕುತ್ತಾರೆ. ಸಾಮಾನ್ಯವಾಗಿ ಖೀಮಾ ಜೊತೆಗೆ ಹಾಕುತ್ತಾರೆ, ಆದರೆ ಖೀಮಾ ಬಿಟ್ಟು ಮಾಡಿದರೂ ಚೆನ್ನಾಗಿರುತ್ತದೆ. ನಮ್ಮಲ್ಲಿ ಕಡಲೆಬೇಳೆ ಆ ಕೆಲಸ ಮಾಡುತ್ತದೆ. 100 ಗ್ರಾಂ ಬೇಳೆಯನ್ನು ಮುಕ್ಕಾಲು ಬೇಯಿಸಿ, ಅಕ್ಕಿಯನ್ನು 120 ಗ್ರಾಂಗೆ ಇಳಿಸಿ, ಸಬ್ಬಸಿಗೆ ಪುದೀನ ದುಪ್ಪಟ್ಟು ಹಾಕಿ. ಅಕ್ಕಿ, ಬೇಳೆ ಸೇರಿದಾಗ ಪ್ರೋಟೀನಿನ ಗುಣವೂ ಮೇಲಾಗುತ್ತದೆ. ನನಗೆ ಕೇಳಿದರೆ ನಮ್ಮ ಅಡುಗೆಮನೆಗೆ ಅತ್ಯಂತ ಹೊಂದುವ ಬಗೆ ಇದೇ.

ಸಿರಿಯಾದ ಅಲೆಪ್ಪೊ ಮೂಲದ ಯಹೂದಿಗಳು ಹುಣಿಸೆಹಣ್ಣಿನ ರಸದಲ್ಲಿ ಒಣ ಏಪ್ರಿಕಾಟ್ ಹಾಕಿ ಬೇಯಿಸುತ್ತಾರೆ. ಹಳೆಯ ವ್ಯಾಪಾರದ ದಾರಿಗಳಲ್ಲಿ ನಮ್ಮ ಕಡೆಯ ಹುಣಿಸೆ ಅಲ್ಲಿಯ ಅಡುಗೆಗೆ ಹೊಕ್ಕಿದ್ದರ ಗುರುತು ಅದು. ನಿಂಬೆ ಬದಲು ಹುಣಿಸೆ ಹಾಕಿ ನೋಡುವ ಆಸೆಯಿದ್ದರೆ ಧೈರ್ಯವಾಗಿ ಹಾಕಿ, ಯಾರೂ ತಪ್ಪು ಹೇಳುವಂತಿಲ್ಲ.

ಯಾರು ಗಮನಿಸಬೇಕು

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಲೆಕ್ಕ ಮುಖ್ಯ, ಅದು ಹೆಚ್ಚಾದರೆ ಮಾತ್ರೆಯ ಕೆಲಸ ತಗ್ಗುತ್ತದೆ. ಹಸಿ ದ್ರಾಕ್ಷಿ ಎಲೆಯಲ್ಲಿ ಅದು 100 ಗ್ರಾಂಗೆ ಸುಮಾರು 109 ಮೈಕ್ರೋಗ್ರಾಂ. ಪಾರ್ಸ್ಲಿಯಲ್ಲಿ 1640! ಹೂರಣದಲ್ಲಿ 20 ಗ್ರಾಂ ಪಾರ್ಸ್ಲಿ ಇದ್ದರೆ ಒಂದೊಂದು ಡೋಲ್ಮಾದಲ್ಲೂ ಎಲೆಗಿಂತ ಪಾರ್ಸ್ಲಿಯ ಪಾಲೇ ದೊಡ್ಡದು. ಇಂಥವರು ಪಾರ್ಸ್ಲಿ ಬಿಟ್ಟು ಮಾಡಬಹುದು. ತಿನ್ನುವ ಪ್ರಮಾಣವನ್ನು ದಿಢೀರನೆ ಏರಿಸದಿರುವುದು ಇನ್ನೂ ಮುಖ್ಯ. ವೈದ್ಯರನ್ನು ಒಮ್ಮೆ ಕೇಳಿ.

ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಬಾಟಲಿ ಎಲೆಗಿಂತ ಹಸಿ ಎಲೆ ವಾಸಿ. ಸಕ್ಕರೆ ಕಾಯಿಲೆಯವರಿಗೆ ಎಂಟು ಡೋಲ್ಮಾ ಅಂದರೆ 40 ಗ್ರಾಂ ಪಿಷ್ಟ. ಅದನ್ನು ಅನ್ನದ ಬದಲಾಗಿ ತಿನ್ನಬೇಕು, ಅನ್ನದ ಜೊತೆಗಲ್ಲ. ಗೋಧಿ ಒಗ್ಗದವರಿಗೆ ಅಕ್ಕಿಯ ಡೋಲ್ಮಾ ನಿರಾತಂಕ. ಆದರೆ ಕೆಲವು ಕಡೆ ಅಕ್ಕಿಯ ಬದಲು ಬುಲ್ಗುರ್ ಹಾಕುತ್ತಾರೆ, ಅದು ಗೋಧಿ. ಹೋಟೆಲಿನಲ್ಲಿ ಕೇಳಿಯೇ ತಿನ್ನಿ.

ಇಡುವುದು

ಬೆಂದ ಅಕ್ಕಿ ಹೊರಗೆ ಬಹಳ ಹೊತ್ತು ಇದ್ದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಮತ್ತೆ ಬಿಸಿಮಾಡಿದರೂ ಅದರ ವಿಷ ಹೋಗುವುದಿಲ್ಲ. ‘ತಣ್ಣಗೆ ತಿನ್ನುವುದು’ ಅಂದರೆ ರಾತ್ರಿಯೆಲ್ಲ ಅಡುಗೆಕಟ್ಟೆಯ ಮೇಲೆ ಬಿಡಬಹುದು ಅಂತ ಅರ್ಥವಲ್ಲ, ಅದೂ ನಮ್ಮ ಬೇಸಿಗೆಯಲ್ಲಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ, ಮುಚ್ಚಿದ ಡಬ್ಬದಲ್ಲಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ. ಎಣ್ಣೆಯ ಡೋಲ್ಮಾ ತಿನ್ನುವ 20 ನಿಮಿಷ ಮುಂಚೆ ಹೊರತೆಗೆದರೆ ಸಾಕು. ಖೀಮಾದ್ದನ್ನು ಹಬೆಯಾಡುವಷ್ಟು ಬಿಸಿಮಾಡಲೇಬೇಕು.

ಚಪ್ಪರದ ಎಲೆ ಒಮ್ಮೆಗೇ ತುಂಬ ಬಂದರೆ ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ, ಆರಿಸಿ, 25ರ ಕಟ್ಟು ಮಾಡಿ ಫ್ರೀಜರ್‌ನಲ್ಲಿಡಿ. ಮನೆಯಲ್ಲೇ ಉಪ್ಪುನೀರಿನ ಬಾಟಲಿ ಮಾಡುವುದಕ್ಕಿಂತ ಇದು ಸುರಕ್ಷಿತ, ಎಲೆಗೆ ಉಪ್ಪೂ ಏರುವುದಿಲ್ಲ. ಮತ್ತೆ, ಮನೆಯಲ್ಲಿ ನಾಯಿ ಇದ್ದರೆ ಉಳಿದ ಡೋಲ್ಮಾ ಅದಕ್ಕೆ ಹಾಕಬೇಡಿ. ಒಣದ್ರಾಕ್ಷಿಯೂ ಈರುಳ್ಳಿಯೂ ನಾಯಿಗೆ ವಿಷ.